ಸರ್ಕಾರಿ ಶಾಲೆಯನ್ನು ಕೇಳುವವರು ಯಾರು?

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಸರ್ಕಾರಿ ಶಾಲೆಯ ಬಗ್ಗೆ ಬರೆಯುವುದು ಕೆಲವರಿಗೆ ದಾರಿ ತಪ್ಪಿದ ಹಾಗೆ ಕಾಣಬಹುದು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ದಲಿಂಗಯ್ಯನವರ 'ಊರುಕೇರಿ' ಇವುಗಳಿಂದ ಶಾಲೆ ಮತ್ತು ಹಾಸ್ಟೆಲನ್ನು ತೆಗೆದುಬಿಟ್ಟರೆ ಉಳಿಯುವುದೆಷ್ಟು ಎಂದು ಯೋಚಿಸಿದರೆ ಹಾಗನ್ನಿಸಲಾರದು. ಈ ಆತ್ಮಕಥನಗಳ ಭಾಷೆ, ವ್ಯಂಗ್ಯ, ಹಸಿವು, ಅವಮಾನಗಳ ಬಗ್ಗೆ ನಮ್ಮ ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಕಥನದ ಹುಡುಗ ಓದಿದ ಶಾಲೆ ಯಾಕೆ ನಡೀತಿತ್ತು, ಅವನ ಹಾಗೇ ಇದ್ದ ಇನ್ನೊಂದು ಕೇರಿಯ ಹುಡುಗನ ಶಾಲೆ ಯಾಕೆ ನಡೀಲಿಲ್ಲ ಎಂದು ಕೇಳಿದವರು ಕಡಿಮೆ. ಬರೆಯಲು ಉಳಿದುಕೊಂಡವನ ಪ್ರತಿಭೆಯನ್ನು ಮಾತ್ರ ಮೆಚ್ಚಿಕೊಂಡು ಕೂತರೆ, ಬರೆಯದೇ ಹೋದವರ ಲೆಕ್ಕ ಕೇಳಬೇಕಾದ ಜವಾಬ್ದಾರಿಯಿಂದ ನಾವು ಜಾರಿಕೊಂಡ ಹಾಗೆ. ಹಾಗಾಗಿ ಒಂದು ಪ್ರದೇಶದ ಸರ್ಕಾರಿ ಶಾಲಾ ವ್ಯವಸ್ಥೆ ಚೆನ್ನಾಗಿ ನಡೆಯುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ವಿಮರ್ಶೆಯ ಪ್ರಶ್ನೆಯಾಗಿಯೇ ಎತ್ತಿಕೊಳ್ಳಬಹುದು ಎಂದು ನನ್ನ ಭಾವನೆ.

'ಚೆನ್ನಾಗಿ' ಅಂದರೆ ಏನು? ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. 2024ರಲ್ಲಿ ಉಡುಪಿ ಶೇಕಡ 94ರೊಂದಿಗೆ ಮೊದಲು, ದಕ್ಷಿಣ ಕನ್ನಡ ಎರಡನೆಯದು, ಶಿವಮೊಗ್ಗ 88.67ರೊಂದಿಗೆ ಮೂರನೆಯದು, 50.59ರ ಯಾದಗಿರಿ ಕಡೆಯದು. ನಾನು ಇದನ್ನು ಬರೆಯುತ್ತಿರುವ ನ್ಯಾಮತಿ 1997ರ ಆಗಸ್ಟ್ 15ರವರೆಗೆ ಹೊನ್ನಾಳಿ ತಾಲ್ಲೂಕಿನ ಭಾಗವಾಗಿ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಜಿಲ್ಲೆಯಾದಾಗ ಈ ಕಡೆ ಬಂತು, 2018ರಲ್ಲಿ ತಾನೇ ತಾಲ್ಲೂಕಾಯಿತು. ಸವಳಂಗ ದಾಟಿ ನಾಲ್ಕು ಮೈಲಿ ಆ ಕಡೆ ಹೋದರೆ ಮೂರನೇ ಸ್ಥಾನದ ಜಿಲ್ಲೆ, ಈ ಕಡೆ ಅಲ್ಲ. ಅದೇ ಮೆಕ್ಕೆಜೋಳ, ಅದೇ ಅಡಿಕೆ, ಊರೊಳಗೆ ಅವೇ ಜಾತಿಗಳು. ಗೆರೆ ಎಳೆದ ಮಾತ್ರಕ್ಕೆ ಕಲಿಕೆ ಬದಲಾಗಲ್ಲ ಎಂಬುದು ಇಲ್ಲಿ ಬಾಳುವ ಯಾರಿಗೂ ಗೊತ್ತು.

ಅಂಕಿಗಳ ಬಣ್ಣವನ್ನು ಅದೇ ಪರೀಕ್ಷೆ ಬಯಲು ಮಾಡಿತು. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಹಾಕಿ ಕೂತಲ್ಲಿಂದಲೇ ನೋಡುವ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಧಾರಾಳವಾಗಿ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. ಆ ಔದಾರ್ಯ ಹಿಂದಕ್ಕೆ ಹೋದ 2025ರಲ್ಲಿ ಒಟ್ಟು 62.34. ಇಷ್ಟು ವರ್ಷ ಪಾಸಾದೆವು ಎಂದುಕೊಂಡಿದ್ದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಕಲಿಸಿಯೇ ಇರಲಿಲ್ಲ ಎಂದಾಯಿತು. ಕರಾವಳಿಯ ಜಿಲ್ಲೆಗಳು ಕ್ಯಾಮರಾದ ಎದುರೂ ತೊಂಬತ್ತರ ಆಸುಪಾಸಿನಲ್ಲೇ ನಿಂತವು ಅನ್ನುವುದನ್ನು ಒಪ್ಪಬೇಕು. ಅಲ್ಲಿ ಮಿಷನ್ ಶಾಲೆಗಳು ಬಂದು ಒಂದೂವರೆ ಶತಮಾನ ದಾಟಿತು, ಅನುದಾನಿತ ಶಾಲೆಗಳ ದಟ್ಟಣೆ ಇದೆ, 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ನೆಲ ಸಿಕ್ಕಿತು. ಗೇಣಿ ಹೊರುವುದು ನಿಂತ ಮನೆಯ ಮಕ್ಕಳು ಶಾಲೆಗೆ ಹೋದರು. ಆದರೆ ಈ ಸರಾಸರಿಯೊಳಗೆ ಖಾಸಗಿ ಶಾಲೆಯ ಮಕ್ಕಳೂ ಸೇರಿದ್ದಾರೆ. ಅದೇ ಜಿಲ್ಲೆಗಳ ಕೊರಗರ ಮಕ್ಕಳು ಎಲ್ಲಿ ನಿಂತಿದ್ದಾರೆ ಎಂದು ಅದು ಹೇಳುವುದಿಲ್ಲ. ದಲಿತ ಕಣ್ಣಿನಿಂದ ನೋಡುವವರಿಗೆ ಶಾಲಾ ವ್ಯವಸ್ಥೆಯ ಅಳತೆಗೋಲು ಸರಾಸರಿ ಆಗಲಾರದು. ಬೇರೆ ದಾರಿಯೇ ಇಲ್ಲದ ಮಗುವಿಗೆ ಆ ಶಾಲೆ ಏನು ಕೊಡುತ್ತದೆ ಎಂಬುದೇ ಅಳತೆ.

ಈ ಅಳತೆ ಹಿಡಿದರೆ ಮೊದಲು ನೆನಪಾಗುವುದು ಧಾರವಾಡ. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ, ತನ್ನನ್ನು ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ ಎಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರದ ಉತ್ತರ ನೋಡಿ: ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಒಬ್ಬನಿಗೋಸ್ಕರ ತಲೆತಲಾಂತರದ ಪೂರ್ವಗ್ರಹವನ್ನು ಎದುರುಹಾಕಿಕೊಂಡರೆ ಉಳಿದವರ ಓದು ಕೆಡುತ್ತದೆ. ಈ ಉತ್ತರ ಮೇಲಿನವರಿಗೆ ಒಪ್ಪಿಗೆಯಾಗಲಿಲ್ಲ. ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಎಂದು 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಹೇಳಿತು. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗದ ಮುಂದೆ ಅಸ್ಪೃಶ್ಯರ ಶಿಕ್ಷಣದ ಸ್ಥಿತಿಯನ್ನು ಇಡುವಾಗ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದ್ದು ಸುಮ್ಮನೆ ಅಲ್ಲ. ಕಾಗದದ ಮೇಲೆ ಬಾಗಿಲು ತೆರೆದು ಎಪ್ಪತ್ತು ವರ್ಷವಾಗಿದ್ದರೂ ಒಳಗೆ ಹೋದವರು ಎಷ್ಟು ಜನ ಎಂಬುದೇ ಅವರ ಪ್ರಶ್ನೆಯಾಗಿತ್ತು. ಆಜ್ಞೆ ಇರುತ್ತದೆ, ಅದನ್ನು ಕೇಳಿ ಪಡೆಯುವ ಬಲ ಇರುವುದಿಲ್ಲ. ಆ ಹುಡುಗನಿಗೆ ಅರ್ಜಿ ಬರೆಯುವ ಧೈರ್ಯ ಇತ್ತು. ಅವನ ಹಿಂದೆ ನಿಲ್ಲುವ ಊರು ಇರಲಿಲ್ಲ.

ಹಿಂದೆ ಜನ ನಿಂತರೆ ಏನಾಗುತ್ತದೆ ಎಂಬುದನ್ನು ಕೇರಳದಲ್ಲಿ ಕಾಣಬಹುದು. ಕೇರಳದ ಶಿಕ್ಷಣ ಅಂದ ಕೂಡಲೇ ಮಹಾರಾಜರ ದೂರದೃಷ್ಟಿ, ಮಿಷನರಿಗಳ ಸೇವೆ ಅಂತ ಶುರು ಮಾಡುತ್ತಾರೆ. ಅವೂ ಇದ್ದವು. ಆದರೆ 1907ರ ಸುಮಾರಿಗೆ ತಿರುವಾಂಕೂರಿನ ಪುಲಯರು ಅಯ್ಯಂಕಾಳಿಯ ಮಾತಿನ ಮೇಲೆ ಗದ್ದೆಗೆ ಇಳಿಯುವುದನ್ನೇ ನಿಲ್ಲಿಸಿದ್ದರು. ಅವರ ಬೇಡಿಕೆಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕು ಎಂಬುದು ಮುಖ್ಯವಾದದ್ದು. ಕೂಲಿಯ ಜೊತೆಗೆ ಅಕ್ಷರವನ್ನೂ ಮುಷ್ಕರದ ಬೇಡಿಕೆಯಾಗಿಸಿದ ಇಂಥ ಉದಾಹರಣೆ ಅಪರೂಪ. ಆತ ಒಂದು ಪುಲಯ ಹುಡುಗಿಯ ಕೈ ಹಿಡಿದು ಊರೂಟ್ಟಂಬಲದ ಶಾಲೆಗೆ ಕರೆದೊಯ್ದಾಗ ಮೇಲ್ಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಸುಟ್ಟ ಶಾಲೆ ಮತ್ತೆ ಎದ್ದಿತು, ಮಕ್ಕಳೂ ಒಳಗೆ ಹೋದರು. ಇನ್ನೊಂದು ತುದಿಯಲ್ಲಿ ಹಿಮಾಚಲ ಪ್ರದೇಶವಿದೆ. ಅಲ್ಲಿ ಶಾಲೆಗಳು ಬೇಗ ಬೇರೂರಿದ್ದನ್ನು ವಿವರಿಸಿದ 1999ರ ಪ್ರೋಬ್ ವರದಿ, ಸರ್ಕಾರದ ಆಸ್ಥೆಯ ಜೊತೆಗೆ ಅಲ್ಲಿನ ಹಳ್ಳಿಗಳಲ್ಲಿ ಜಮೀನಿನ ಅಂತರ ಕಡಿಮೆ ಇರುವುದನ್ನೂ ಹೆಂಗಸರು ಹೊರಗೆ ದುಡಿಯುವುದನ್ನೂ ಗುರುತಿಸಿತ್ತು. ಊರಿನ ಜನ ಸುಮಾರಾಗಿ ಒಂದೇ ಸ್ಥಿತಿಯಲ್ಲಿದ್ದರೆ ಒಂದೇ ಶಾಲೆ ಸಾಕಾಗುತ್ತದೆ, ಎಲ್ಲರೂ ಅದನ್ನು ಕಾಯುತ್ತಾರೆ.

ಈ ಎರಡರಿಂದ ನನಗೆ ತೋಚುವುದು ಇಷ್ಟು: ಕೇಳುವ ಶಕ್ತಿ ಇರುವವರಿಗೆ ಸರ್ಕಾರಿ ಶಾಲೆ ಬೇಕಾಗಿರಬೇಕು, ಇಲ್ಲವೇ ಶಾಲೆ ಬೇಕಾಗಿರುವವರಿಗೆ ಕೇಳುವ ಶಕ್ತಿ ಬರಬೇಕು. ಎರಡೂ ಇಲ್ಲದ ಕಡೆ ಕಟ್ಟಡ, ಸಮವಸ್ತ್ರ, ಸ್ಮಾರ್ಟ್ ಕ್ಲಾಸು ಏನು ಕೊಟ್ಟರೂ ಮೇಷ್ಟ್ರು ಹತ್ತೂವರೆಗೆ ಬಂದು ಮೂರೂವರೆಗೆ ಬಸ್ಸು ಹತ್ತುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಮೊದಲನೆಯದು ಒಂದು ತಲೆಮಾರಿನಲ್ಲಿ ಕಳೆದುಹೋಯಿತು. ಮೂವತ್ತು ನಲವತ್ತು ವರ್ಷದ ಹಿಂದೆ ಗೌಡರ ಮಗ, ಶ್ಯಾನುಭೋಗರ ಮಗ, ಕೇರಿಯ ಹುಡುಗ ಎಲ್ಲ ಒಂದೇ ಶಾಲೆ. ಕೇರಿಯ ಹುಡುಗ ಹಿಂದಿನ ಸಾಲಿನಲ್ಲೋ ಬಾಗಿಲ ಹೊರಗೋ ಕೂರುತ್ತಿದ್ದ, ಅದನ್ನು ಮರೆತು ಆ ಕಾಲವನ್ನು ಹೊಗಳುವ ಅಗತ್ಯವಿಲ್ಲ. ಆದರೂ ಮೇಷ್ಟ್ರು ಎರಡು ದಿನ ಬರದಿದ್ದರೆ ಗೌಡರೇ ಕೇಳುತ್ತಿದ್ದರು, ಅವರು ತಮ್ಮ ಮಗನಿಗಾಗಿ ಕೇಳಿದ್ದರಲ್ಲಿ ಇವನಿಗೂ ಪಾಠ ಸಿಗುತ್ತಿತ್ತು. ಈಗ ಅಡಿಕೆ ದುಡ್ಡು ಬಂದಿದೆ. ಬೆಳಗ್ಗೆ ಎಂಟಕ್ಕೆ ಹಳದಿ ವ್ಯಾನು ಊರ ಮುಂದೆ ನಿಂತು ಕೇಳಬಲ್ಲವರ ಮಕ್ಕಳನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ವ್ಯಾನಿನಲ್ಲಿ ಮಕ್ಕಳ ಜೊತೆಗೆ ಬಿಇಓ ಆಫೀಸಿಗೆ ಹೋಗುವ ಫೋನು, ಶಾಸಕರ ಮನೆಯ ಪರಿಚಯ, ಪತ್ರಿಕೆಗೆ ಬರೆಯುವ ಕೈ ಎಲ್ಲವೂ ಹೋಗುತ್ತವೆ. ಉಳಿಯುವುದು ಕೇರಿ, ತಾಂಡಾ, ಸಣ್ಣಪುಟ್ಟ ಹಿಂದುಳಿದವರ ಮಕ್ಕಳು. ಅದೇ ಶಾಲೆಯ ಮೇಷ್ಟ್ರ ಮಕ್ಕಳೂ ಎಷ್ಟೋ ಸಲ ಅದೇ ವ್ಯಾನಿನಲ್ಲಿರುತ್ತಾರೆ. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರದ ಸಂಬಳ ಪಡೆಯುವವರು ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕು ಎಂದು ಆದೇಶ ಮಾಡಿತ್ತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೆ ಯಾವ ಯೋಜನೆಯೂ ಮಾಡದ ಕೆಲಸ ಆಗುತ್ತಿತ್ತೇನೋ.

ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಸೀಟುಗಳನ್ನೂ ಇಲ್ಲೇ ನೋಡಬೇಕು. ಖಾಸಗಿ ಶಾಲೆಯಲ್ಲಿ ಬಡವರಿಗೂ ಜಾಗ ಎಂದಾಗ ನಮ್ಮವರು ಸಂತೋಷಪಟ್ಟರು, ಅದು ತಪ್ಪಲ್ಲ. ಆದರೆ ಅರ್ಜಿ ಹಾಕಲು ಗೊತ್ತಿದ್ದ, ಆಫೀಸು ಅಲೆಯಬಲ್ಲ ಕೇರಿಯ ನಾಲ್ಕು ಮನೆಗಳೂ ಹೀಗೆ ಸರ್ಕಾರಿ ಶಾಲೆ ಬಿಟ್ಟವು. ಮುಂದೆ 2019ರಲ್ಲಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಈ ಸೀಟು ಕೊಡಬೇಕಿಲ್ಲ ಎಂದು ಕರ್ನಾಟಕ ನಿಯಮ ತಿದ್ದಿತು. ಸೀಟೂ ಹೋಯಿತು, ಆ ನಾಲ್ಕು ಮನೆಯವರ ಅಭ್ಯಾಸವೂ ವಾಪಸ್ಸು ಬರಲಿಲ್ಲ. ಈಗ ಸಾಲ ಮಾಡಿ ಫೀಸು ಕಟ್ಟುತ್ತಾರೆ.

ಕನ್ನಡ ಮಾಧ್ಯಮದ ಹಿರಿಯರು ಇದಕ್ಕೆಲ್ಲ ಇಂಗ್ಲಿಷಿನ ಮೋಹ ಕಾರಣ ಎನ್ನುತ್ತಾರೆ. 1982ರ ಗೋಕಾಕ್ ಚಳವಳಿಯ ಹೊತ್ತಿನಿಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಈ ವಾದ ನಡೆದಿದೆ. ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲಿ ಓದಿಸಿದವರು ಕೇರಿಯ ಮಕ್ಕಳಿಗೆ ಕನ್ನಡದ ಕಾವಲು ವಹಿಸುವುದನ್ನು ದಲಿತ ಚಿಂತಕರು ಸರಿಯಾಗಿಯೇ ಪ್ರಶ್ನಿಸಿದ್ದಾರೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆದಾಗ ಪೋಷಕರು ಸರದಿ ನಿಂತರು. ಆದರೆ ಇಂಗ್ಲಿಷ್ ಕಲಿಸುವ ಮೇಷ್ಟ್ರನ್ನು ಕೊಡದೆ ಬೋರ್ಡು ಮಾತ್ರ ಬದಲಾಯಿಸಿದರೆ ಅದು ಇನ್ನೊಂದು ಬಗೆಯ ಮೋಸ.

ಇನ್ನು ಮೇಷ್ಟ್ರ ವಿಷಯ. ನೇಮಕ ಮತ್ತು ವರ್ಗಾವಣೆ, ಈ ಎರಡು ಒಣ ವಿಷಯಗಳಲ್ಲೇ ಶಾಲೆಯ ಜೀವ ಇದೆ. ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದ ಆ ಸರ್ಕಾರದಲ್ಲಿ, ಅದಕ್ಕೆ ಹಿಂದಿನ ದೇವೇಗೌಡರ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾಗಿದ್ದವರು ಎಚ್. ಜಿ. ಗೋವಿಂದೇಗೌಡರು. 1994ರಿಂದ 1999ರ ಅವಧಿಯಲ್ಲಿ ಅವರು ಸುಮಾರು ಒಂದು ಲಕ್ಷ ಪ್ರಾಥಮಿಕ ಶಿಕ್ಷಕರನ್ನು ಲಂಚ, ಶಿಫಾರಸುಗಳ ಸೋಂಕಿಲ್ಲದೆ ಅಂಕ ಮತ್ತು ಮೀಸಲಾತಿಯ ಮೇಲೆ ನೇಮಿಸಿದ್ದನ್ನು ಜನ ಇವತ್ತಿಗೂ ನೆನೆಯುತ್ತಾರೆ. ದುಡ್ಡು ಕೊಡಲಾಗದ ಮನೆಗಳ ಹುಡುಗ ಹುಡುಗಿಯರು ಮೇಷ್ಟ್ರಾದರು, ಅವರಲ್ಲಿ ದಲಿತರೂ ಸಾವಿರಾರು. ಮೊದಲ ಸಲ ಎಷ್ಟೋ ಊರುಗಳಲ್ಲಿ ಕೇರಿಯವನ ಮುಂದೆ ಊರಿನ ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಇದನ್ನು ಸಾಂಸ್ಕೃತಿಕ ಘಟನೆ ಎಂದು ನಮ್ಮ ವಿಮರ್ಶೆ ಎಲ್ಲೂ ದಾಖಲಿಸಿದ ಹಾಗೆ ಕಾಣೆ.

ಮೇಷ್ಟ್ರು ಸಿಕ್ಕ ಮೇಲೆ ಎಲ್ಲಿರುತ್ತಾರೆ ಎಂಬುದು ಮುಂದಿನ ಮಾತು. ಶಿಫಾರಸಿನ ಕಾಲದಲ್ಲಿ ಪ್ರಭಾವ ಇದ್ದವರು ರಸ್ತೆ ಬದಿಯ ಶಾಲೆಗೆ, ಇಲ್ಲದವರು ತಾಂಡಾಕ್ಕೆ. 2007ರಲ್ಲಿ ಬಂದ ವರ್ಗಾವಣೆ ಕಾಯ್ದೆ ಇದಕ್ಕೆ ಕೌನ್ಸೆಲಿಂಗ್ ತಂದಿತು. ಪಟ್ಟಣದಿಂದ ಎಷ್ಟು ದೂರ ಎಂಬುದರ ಮೇಲೆ ಶಾಲೆಗಳನ್ನು ವಲಯಗಳಾಗಿ ಹಂಚಿ, ಜ್ಯೇಷ್ಠತೆಯ ಪಟ್ಟಿ ಎಲ್ಲರ ಮುಂದೆ ಇಟ್ಟು, ಖಾಲಿ ಜಾಗ ತೋರಿಸಿ ಆರಿಸಿಕೊಳ್ಳಿ ಎನ್ನುವುದು ಅದರ ಕ್ರಮ. 2020ರಲ್ಲಿ ಹೊಸ ಕಾಯ್ದೆ ಬಂದರೂ ಮೂಲ ಇದೇ. ಮಂತ್ರಿಯ ಚೀಟಿಗಿಂತ ಇದು ಸಾವಿರ ಪಾಲು ಮೇಲು. ಆದರೂ ಹಿರಿತನದವರು ಆರಿಸಿ ಬಿಟ್ಟ ಜಾಗ ಕೊನೆಗೆ ಉಳಿಯುವುದು ಬಸ್ಸಿಲ್ಲದ ಊರಲ್ಲಿ. ಆ ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕ ಬರುತ್ತಾನೆ. ಶೈಕ್ಷಣಿಕ ವರ್ಷದ ಜೊತೆ ಅವನ ಕೆಲಸವೂ ಮುಗಿಯುತ್ತದೆ. (ಈ 'ಅತಿಥಿ' ಎಂಬ ಪದದ ಸತ್ಕಾರ ಹೇಗಿರುತ್ತೆ ಅಂತ ಕಾಲೇಜುಗಳಲ್ಲಿ ಪಾಠ ಮಾಡುವ ನಮಗೂ ಚೆನ್ನಾಗಿ ಗೊತ್ತು.)

ಹಾಜರಿಯ ಕತೆಯೂ ಹೀಗೆಯೇ. ಅಬ್ದುಲ್ ನಜೀರ್ ಸಾಬ್ ತಂದ ಜಿಲ್ಲಾ ಪರಿಷತ್ತುಗಳು 1987ರಲ್ಲಿ ಕೆಲಸ ಶುರು ಮಾಡಿದಾಗ ಶಾಲೆ, ಆಸ್ಪತ್ರೆಗಳು ಜಿಲ್ಲೆಯ ಚುನಾಯಿತರ ಕೈಗೆ ಬಂದವು. ಮೇಷ್ಟ್ರು ಬರಲಿಲ್ಲ ಎಂದು ಹೇಳಲು ಬೆಂಗಳೂರಿಗೆ ಹೋಗಬೇಕಿರಲಿಲ್ಲ. ಆ ಕಾಲದಲ್ಲಿ ಹಾಜರಿ ಸುಧಾರಿಸಿತ್ತು ಅನ್ನುವುದು ನಿವೃತ್ತ ಮೇಷ್ಟ್ರುಗಳೇ ಒಪ್ಪುವ ಮಾತು. ಕೆಲವರು ಇದನ್ನು ಕಿರುಕುಳ ಎಂದೂ ಹೇಳುತ್ತಾರೆ. ಚುನಾಯಿತ ಸದಸ್ಯ ಮೇಲ್ಜಾತಿಯವನಾಗಿ ಮೇಷ್ಟ್ರು ದಲಿತನಾಗಿದ್ದರೆ ಅದು ಕಿರುಕುಳವೂ ಆಗಿರಬಹುದು. ಕೇಳುವ ಅಧಿಕಾರ ಊರಿಗೆ ಬಂದರೆ ಊರಿನಲ್ಲಿ ಯಾರಿಗೆ ಬಂತು ಎಂದು ನೋಡಬೇಕು.

2001ರಿಂದ ಈ ಅಧಿಕಾರಕ್ಕೆ ಎಸ್‌ಡಿಎಂಸಿ ಎಂಬ ಹೆಸರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಅವರ ಕಾರ್ಯಪಡೆಯ ಸಲಹೆಯಂತೆ ಬಂದದ್ದು. ಓದುವ ಮಕ್ಕಳ ತಂದೆತಾಯಿಗಳೇ ಸದಸ್ಯರು, ಪರಿಶಿಷ್ಟರಿಗೂ ಹೆಂಗಸರಿಗೂ ಸ್ಥಾನ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಇನ್ನೂ ಗಟ್ಟಿ ಮಾಡಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕೆಂದಿತು. ಕಾಗದದ ಮೇಲೆ ನಮ್ಮ ದೇಶದಲ್ಲಿ ಕೇರಿಯ ತಾಯಿಗೆ ಇಷ್ಟು ಅಧಿಕಾರ ಕೊಟ್ಟ ಸಮಿತಿ ಇನ್ನೊಂದಿಲ್ಲ. ಬ್ಯಾಂಕ್ ಖಾತೆಗೆ ಅಧ್ಯಕ್ಷರ ಸಹಿ ಬೇಕು, ಅನುದಾನ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಕೇಳಬಹುದು. ಸಭೆ ನಡೆಯುವುದು ಮಾತ್ರ ಬೆಳಗ್ಗೆ ಹನ್ನೊಂದಕ್ಕೆ, ಆಕೆ ಕೂಲಿಗೆ ಹೋದ ಹೊತ್ತಿಗೆ. ಸಂಜೆ ಪುಸ್ತಕ ಮನೆಗೆ ಬರುತ್ತದೆ, ಹೆಬ್ಬೆಟ್ಟೋ ಸಹಿಯೋ ಆಗುತ್ತದೆ. "ನಾವು ಕೇಳಿದ್ರೆ ಹುಡುಗನ ಮೇಲೆ ಸಿಟ್ಟು ತೀರಿಸ್ತಾರ ಸರ" ಎಂದು ಒಬ್ಬ ತಂದೆ ನನಗೆ ಹೇಳಿದ್ದರಲ್ಲಿ ಈ ಸಮಿತಿಗಳ ಇಡೀ ಸಮಾಜಶಾಸ್ತ್ರ ಇದೆ. ದಲಿತ ಸಂಘಟನೆಯ ಘಟಕ ಜೀವಂತ ಇರುವ ಊರಿನಲ್ಲಿ ಇದೇ ತಂದೆ ಬೇರೆ ಥರ ಮಾತಾಡುತ್ತಾನೆ, ಏಕೆಂದರೆ ಅಲ್ಲಿ ಅವನು ಒಬ್ಬನೇ ಕೇಳುತ್ತಿಲ್ಲ.

ಊಟದ ವಿಷಯಕ್ಕೆ ಬರೋಣ. 2001ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕರ್ನಾಟಕದಲ್ಲಿ ಅಕ್ಷರ ದಾಸೋಹ ಬಂತು: 2002ರಲ್ಲಿ ಈಶಾನ್ಯದ ಜಿಲ್ಲೆಗಳಿಗೆ, ಮರುವರ್ಷ ಉಳಿದ ಕಡೆಗೆ. ಹಾಜರಿಗೆ ಇದಕ್ಕಿಂತ ದೊಡ್ಡ ಕಾರಣ ನಾನು ಕಾಣೆ. ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳಿಂದ ಕಾಫಿ ಸೀಮೆಗೆ, ಕಬ್ಬು ಕಡಿಯಲು ಹೊರಟ ತಂದೆತಾಯಿ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವ ಧೈರ್ಯ ಮಾಡುವುದು ಮಧ್ಯಾಹ್ನದ ಒಂದು ಊಟ ಖಾತ್ರಿ ಇರುವುದರಿಂದ. ನನ್ನ ತರಗತಿಗೆ ಬರುವ ಲಂಬಾಣಿ ಹುಡುಗಿಯರಲ್ಲಿ ಇಂಥ ಅಜ್ಜಿಯರು ಬೆಳೆಸಿದವರು ಇದ್ದಾರೆ.

ಆದರೆ ಒಲೆಯ ಹತ್ತಿರವೇ ಜಾತಿ ಕಾದು ಕೂತಿದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕು ಎಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹತ್ತು ವರ್ಷದ ನಂತರ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಬೇಯಿಸಿದ ಅನ್ನ ಮುಟ್ಟದೆ ಮಕ್ಕಳು ಶಾಲೆಯನ್ನೇ ಬಿಟ್ಟರು. 2025ರ ಜೂನ್‌ನಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದ ಶಾಲೆಯಿಂದ ಪೋಷಕರು ಟಿಸಿ ತೆಗೆದುಕೊಂಡು ಹೋಗಿ ಒಂದೇ ಮಗು ಉಳಿದ ಸುದ್ದಿ ಬಂತು. ಕೇಳಿದ ಅಧಿಕಾರಿಗಳಿಗೆ ಸಿಕ್ಕ ಉತ್ತರಗಳಲ್ಲಿ ಪಾಠ ಸರಿಯಿಲ್ಲ ಎಂಬುದೂ ಇತ್ತು. 'ಗುಣಮಟ್ಟ' ಎಂಬ ಪದವನ್ನು ನಾವು ಅನುಮಾನದಿಂದ ಓದಬೇಕಾದ್ದು ಇಂಥಲ್ಲಿ. ನಿಜವಾಗಿಯೂ ಪಾಠ ಸರಿಯಿಲ್ಲದೆ ಇರಬಹುದು. ಆದರೆ ಪಾಠ ಸರಿಯಿಲ್ಲ ಎನ್ನುವ ಮಾತಿನ ಒಳಗೆ ಕೂತು ಜಾತಿ ಆರಾಮವಾಗಿ ಪ್ರಯಾಣ ಮಾಡಬಲ್ಲದು. ಮೊಟ್ಟೆಯ ಜಗಳವೂ ಇದೇ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ಎದ್ದು ನಿಂತರು. ತಿನ್ನುವ ಮಕ್ಕಳು ಬೇಕು ಎಂದರು, ಮೊಟ್ಟೆ ಉಳಿಯಿತು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನವಾಯಿತು. ದೇಹಕ್ಕೆ ಪುಷ್ಟಿ ಎಂಬುದು ಸರ್ಕಾರದ ಮಾತು. ಕೇರಿಯ ಊಟ ಶಾಲೆಯೊಳಗೆ ತಲೆಯೆತ್ತಿಕೊಂಡು ಬಂತು ಎಂಬುದೂ ಅಷ್ಟೇ ದೊಡ್ಡದು.

ಹಾಸ್ಟೆಲ್ಲಿನ ಬಗ್ಗೆ ಹೇಳದಿದ್ದರೆ ಈ ಲೇಖನ ನಮ್ಮ ಆತ್ಮಕಥನಗಳಿಗೆ ಅಪಚಾರ ಮಾಡಿದಂತೆ. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ, ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹೆಂಡದಂಗಡಿ ಬೇಡ, ವಸತಿ ಶಾಲೆ ಬೇಕು ಎಂದು ಬೀದಿಗಿಳಿದದ್ದು ಈ ಸೀಮೆಯ ಹಿರಿಯರಿಗೆ ನೆನಪಿದೆ. ತೊಂಬತ್ತರ ದಶಕದ ಕೊನೆಗೆ ಮೊರಾರ್ಜಿ ದೇಸಾಯಿ ಹೆಸರಿನಲ್ಲಿ ಆರರಿಂದ ಹತ್ತನೇ ತರಗತಿಯ ವಸತಿ ಶಾಲೆಗಳು ಬಂದಾಗ ಮುಖ್ಯಮಂತ್ರಿಗಳ ಹೆಸರು ಕಲ್ಲಿನ ಮೇಲೆ ಕೆತ್ತಲ್ಪಟ್ಟಿತು, ಬೀದಿಯ ಕೂಗು ಯಾವ ಕಲ್ಲಿನ ಮೇಲೂ ಇಲ್ಲ. ಹಾಸಿಗೆ, ಊಟ, ದೀಪ, ಸಂಜೆಯ ಓದು, ಜೊತೆಗೆ ಓದುವ ಗೆಳೆಯ ಎಲ್ಲ ಒಟ್ಟಿಗೆ ಸಿಕ್ಕಾಗ ಇದೇ ಮಕ್ಕಳು ಕಲಿಯುತ್ತಾರೆ ಎಂಬುದನ್ನು ಈ ಶಾಲೆಗಳು ತೋರಿಸಿದವು. ಕೇರಿಯ ಮಕ್ಕಳಿಗೆ ತಲೆ ಇಲ್ಲ ಎನ್ನುವ ಪಿಸುಮಾತಿಗೆ ಅದು ಸಾಕಷ್ಟು ಉತ್ತರ. ಆದರೆ 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದರು. ಯಾವ ಮಕ್ಕಳನ್ನು ಎಂದು ನಾನು ಬರೆಯಬೇಕಾಗಿಲ್ಲ. ವಿಡಿಯೋ ಹೊರಗೆ ಬಂದು ಪ್ರಾಂಶುಪಾಲರ ಮೇಲೆ ಕ್ರಮ ಆಯಿತು. ವಸತಿ ಶಾಲೆಯಲ್ಲಿ ತಂದೆತಾಯಿ ದೂರ, ಸಂಜೆ ಮನೆಗೆ ಬಂದು ಹೇಳುವ ಮಗುವೂ ಇಲ್ಲ; ಅಲ್ಲಿ ಕೇಳುವವರು ಊರ ಶಾಲೆಗಿಂತಲೂ ಕಡಿಮೆ.

ಈಗಿನ ಆತಂಕ ಬೇರೆ. ಮಕ್ಕಳು ಕಡಿಮೆಯಾದ ಸಣ್ಣ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಿ, ಒಂದೇ ಆವರಣದಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಕರ್ನಾಟಕ ಪಬ್ಲಿಕ್ ಶಾಲೆ ಮಾಡುವ ಮಾತು ಜೋರಾಗಿದೆ. ತರಗತಿಗೊಬ್ಬ ಮೇಷ್ಟ್ರು, ಲ್ಯಾಬು, ಆಟದ ಬಯಲು ಇರುವ ಶಾಲೆ ಯಾರಿಗೆ ಬೇಡ? ಐದು ತರಗತಿಗೆ ಒಬ್ಬರೇ ಮೇಷ್ಟ್ರಿರುವ ಶಾಲೆಯನ್ನು ಹೋರಾಟದ ಹೆಸರಲ್ಲಿ ಉಳಿಸಿಕೊಳ್ಳುವುದರಿಂದ ಮಗುವಿಗೇನೂ ಸಿಗುವುದಿಲ್ಲ. ಆದರೆ ಮುಚ್ಚುವ ಪಟ್ಟಿಯಲ್ಲಿ ಮೊದಲು ಬರುವುದು ತ

ಾಂಡಾದ, ಕಾಲೋನಿಯ ಶಾಲೆಗಳೇ, ಮಕ್ಕಳ ಸಂಖ್ಯೆ ಕಡಿಮೆ ಇರುವುದು ಅಲ್ಲೇ. ಮೂರು ನಾಲ್ಕು ಕಿಲೋಮೀಟರು ಹೊಲದ ದಾರಿಯಲ್ಲಿ ಏಳು ವರ್ಷದ ಹುಡುಗಿ ನಡೆದು ಹೋಗುವಳೇ? 2006ರಲ್ಲಿ ಶುರುವಾದ ಎಂಟನೇ ತರಗತಿಯವರ ಸೈಕಲ್ಲು ಕೊರೊನಾ ಕಾಲದಲ್ಲಿ ನಿಂತಿತು. ಆದ್ದರಿಂದ ವಿಲೀನದ ಪ್ರಸ್ತಾಪ ಎಸ್‌ಡಿಎಂಸಿ ಮುಂದೆ ಬಂದಾಗ, ಬೇಕು ಬೇಡ ಎನ್ನುವುದಕ್ಕೆ ಮೊದಲು ಕೇಳಬೇಕಾದ್ದು ಇವು: ವಾಹನ ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ, ಅದು ತಾಂಡಾದೊಳಗೆ ಬರುತ್ತದೋ ಟಾರು ರಸ್ತೆಯಲ್ಲೇ ನಿಲ್ಲುತ್ತದೋ, ಹೊಸ ಶಾಲೆಯ ಸಮಿತಿಯಲ್ಲಿ ಈ ತಾಂಡಾದ ಪೋಷಕರಿಗೆ ಎಷ್ಟು ಸ್ಥಾನ, ಅಲ್ಲಿ ಅಡುಗೆ ಮಾಡುವವರು ಯಾರು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡು, ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಬೇಕು, ಮತ್ತು ಆ ಸಭೆಯನ್ನು ಕೂಲಿ ಮುಗಿದ ಮೇಲೆ ಸಂಜೆ ಏಳಕ್ಕೆ ಇಡಿಸಬೇಕು.